ಇರುಳನ್ನು ನಡುವಿಗೆ ತಂದ ವತ್ಸಲಾ

ಬಾಗಿಲ ಮೇಲೆ ಬೆರಳ ಗಂಟು ತಾಗಿದ ಸದ್ದು. ಒಂದೇ ಸಲ, ಅದೂ ಮೆತ್ತಗೆ. ಹೊರಗೆ ಇನ್ನೂ ಕಗ್ಗತ್ತಲು. ಲಂಡನ್ನಿನ ವೆಂಬ್ಲಿಯ ಸ್ಟೇಡಿಯಂ ಪಕ್ಕದ ಹೊಸ ಫ್ಲಾಟುಗಳ ಆರನೆಯ ಮಹಡಿಯಲ್ಲಿ ಆ ಹೊತ್ತಿಗೆ ದೀಪ ಉರಿಯುತ್ತಿರುವುದು ಒಂದೇ ಅಡುಗೆಮನೆಯಲ್ಲಿ. ಸ್ವೆಟರಿನ ಮೇಲೆ ಶಾಲು ಹೊದ್ದು ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದ ವತ್ಸಲಾ ಎದ್ದು ಬಾಗಿಲು ತೆರೆಯುತ್ತಾರೆ.

ಹೊರಗೆ ನಿಂತಿರುವವನು ಇದೇ ಮಹಡಿಯ ತುದಿಯ ಫ್ಲಾಟಿನಲ್ಲಿ ಮತ್ತಿಬ್ಬರ ಜೊತೆ ಬಾಡಿಗೆಗಿರುವ ನಿಜಲಿಂಗಪ್ಪ. ಊರು ಬಾಗಲಕೋಟೆಯ ಕಡೆ, ಕೆಲಸ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸ್. ಕೋಟಿನ ಕೆಳಗೆ ನೀಲಿ ಸಮವಸ್ತ್ರ ಹಾಗೇ ಇದೆ. ಕೊರಳಲ್ಲಿ ಗುರುತಿನ ಚೀಟಿ ತೂಗುತ್ತಿದೆ.

“ಅಕ್ಕಾರ, ದೀಪ ಕಂಡ್ತು. ಒಂದೀಟು ಚಾ ಸಿಗತೈತೇನ್ರಿ?”

“ಒಳಗೆ ಬಾಪ್ಪ, ಚಳಿ.”

ರಾತ್ರಿ ಪಾಳಿಯ ನರ್ಸ್ ಮನೆ ಸೇರುವುದು ಊರೆಲ್ಲ ಬೆಳಕಾದ ಮೇಲೆ. ಕತ್ತಲಿರುವಾಗಲೇ ಇವನು ಇಲ್ಲಿಗೆ ಹೇಗೆ ಬಂದ? ವತ್ಸಲಾ ಕೇಳುವುದಿಲ್ಲ, ಅವನು ಹೇಳುವುದಿಲ್ಲ. ಚಹಾದ ಹಬೆಯನ್ನೇ ನೋಡುತ್ತ ಕುಳಿತು, ತಣ್ಣಗಾದ ಮೇಲೆ ಒಂದೇ ಗುಟುಕಿಗೆ ಕುಡಿದು, ಲೋಟ ತೊಳೆದು ಬೋರಲಿಟ್ಟು, “ಬರ್ತೇನ್ರಿ” ಎಂದು ಹೊರಟೇಹೋಗುತ್ತಾನೆ. ಕಾರಿಡಾರಿನಲ್ಲಿ ಅವನ ಹೆಜ್ಜೆಯ ಸದ್ದು ಅಡಗುವವರೆಗೆ ನಿಂತಿದ್ದು, ವತ್ಸಲಾ ಮತ್ತೆ ತೆರೆಯ ಮುಂದೆ ಕೂರುತ್ತಾರೆ. ಶನಿವಾರವಾದರೂ ಎಂಟು ಗಂಟೆಯ ಸಭೆಗೆ ಆಸ್ಪತ್ರೆ ಕಾಯುತ್ತಿರುತ್ತದೆ. ಅನುಮಾನ ಎಷ್ಟೇ ಕೊರೆದರೂ ನಕ್ಷೆ ಹೊತ್ತಿಗೆ ಸರಿಯಾಗಿ ಹೋಗಬೇಕು.

ವತ್ಸಲಾ ಅವರಿಗೆ ಐವತ್ತೆಂಟು ವರ್ಷ. ಉತ್ತರ ಲಂಡನ್ನಿನ ದೊಡ್ಡದೊಂದು ಸರ್ಕಾರಿ ಆಸ್ಪತ್ರೆಯ ಮಾಹಿತಿ ವಿಭಾಗದಲ್ಲಿ ಅವರ ಕೆಲಸ. ಯಾವ ವಾರ್ಡು ತುಂಬಿದೆ, ಎಲ್ಲಿ ಹಾಸಿಗೆ ಖಾಲಿಯಿದೆ, ರೋಗಿ ಕರೆಗಂಟೆ ಒತ್ತಿದ ಮೇಲೆ ಯಾರಾದರೂ ಬರುವುದಕ್ಕೆ ಎಷ್ಟು ಹೊತ್ತಾಯಿತು ಎಂಬ ಲೆಕ್ಕವೆಲ್ಲ ರಾಶಿ ರಾಶಿ ಅಂಕಿಗಳಾಗಿ ಬರುತ್ತದೆ. ಅದನ್ನು ಒಂದು ನೋಟಕ್ಕೆ ಅರ್ಥವಾಗುವ ಬಣ್ಣದ ಚಿತ್ರವಾಗಿಸಿ ಕೊಡುವುದು ಅವರ ಪಾಲಿನ ಕಾಯಕ. ಬೆಳಗಿನಿಂದ ಸಂಜೆಯೊಳಗೆ ಮೂವತ್ತು ನಲವತ್ತು ಚಿತ್ರಗಳು ಅವರ ಕೈದಾಟುತ್ತವೆ. ಒಂದರ ಮೇಲೂ ಅವರ ಹೆಸರಿರುವುದಿಲ್ಲ.

ಅವುಗಳಲ್ಲಿ ಹೆಚ್ಚಿನವು ಹೀಟ್ ಮ್ಯಾಪ್‌ಗಳು. ಚೌಕಾಬಾರದ ಹಲಗೆಯನ್ನು ನೂರಾರು ಮನೆಗಳಿಗೆ ಹಿಗ್ಗಿಸಿದರೆ ಹೇಗೋ ಹಾಗೆ. ಅಡ್ಡಕ್ಕೆ ದಿನದ ಗಂಟೆಗಳು, ಉದ್ದಕ್ಕೆ ತಾರೀಖುಗಳು. ಕರೆಗಂಟೆಗೆ ಬೇಗ ಓಗೊಟ್ಟಿದ್ದರೆ ಆ ಮನೆ ಬಿಳಿ, ತಡವಾಗಿದ್ದರೆ ತಿಳಿಗೆಂಪು, ತೀರಾ ತಡವಾಗಿದ್ದರೆ ರಕ್ತಗೆಂಪು. ನೋಡುವವರ ಕಣ್ಣು ಬಣ್ಣಕ್ಕೆ ಓಡುತ್ತದೆ, ವತ್ಸಲಾ ಅವರ ಕಣ್ಣು ಅಂಚಿಗೆ. ಅಡ್ಡಸಾಲು ಎಲ್ಲಿಂದ ಶುರುವಾಗಬೇಕು, ಉದ್ದಸಾಲಿನಲ್ಲಿ ಯಾವುದರ ಕೆಳಗೆ ಯಾವುದು ಬರಬೇಕು, ಏನೂ ನಡೆಯದ ದಿನದ ಖಾಲಿ ಸಾಲನ್ನು ತೋರಿಸಬೇಕೋ ಮುಚ್ಚಿಡಬೇಕೋ, ಎಷ್ಟು ನಿಮಿಷಕ್ಕೆ ಕೆಂಪು ಎನ್ನಬೇಕು? ಅಕ್ಷಗಳನ್ನು ಹೊಂದಿಸುವುದೆಂದರೆ ಇಷ್ಟೇ. ಮೆನುವಿನಲ್ಲಿ ನಾಲ್ಕಾರು ಗುಂಡಿಗಳು. ಆ ಗುಂಡಿಗಳನ್ನು ಒತ್ತಿ ನೋಡುವ ತಾಳ್ಮೆ ಮಾತ್ರ ಬಹಳ ಜನಕ್ಕಿಲ್ಲ.

“ಸಾಫ್ಟ್‌ವೇರ್ ಬುದ್ಧಿವಂತನೇ. ಆದ್ರೆ ಲೋಕಜ್ಞಾನ ಇಲ್ಲ,” ಎನ್ನುತ್ತಾರೆ ಅವರು. “ತಿಂಗಳುಗಳನ್ನ ಕೊಟ್ಟು ಸುಮ್ನೆ ಬಿಟ್ರೆ ಅಕ್ಷರದ ಕ್ರಮದಲ್ಲಿ ಜೋಡಿಸಿಬಿಡತ್ತೆ. ಏಪ್ರಿಲ್ ಮೊದಲು, ಆಗಸ್ಟ್ ಎರಡನೇದು.”

“ಯುಗಾದಿಗೆ ವರ್ಷ ಶುರು ಮಾಡೋ ಸಂಪ್ರದಾಯಸ್ಥ ಕಂಪ್ಯೂಟರು ಕಣೇ ಅದು, ಬೈಬೇಡ,” ಎಂದು ಒಗ್ಗರಣೆ ಹಾಕುವವರು ಪತಿ ಡಾ. ಮುಕುಂದ. ಜಿ.ಪಿ., ಅಂದರೆ ಬಡಾವಣೆಯ ವೈದ್ಯರಾಗಿದ್ದು ನಿವೃತ್ತರಾದ ಮೇಲೆ ಮನೆಯ ಸೌಟು ಅವರ ಕೈಗೆ ಬಂದಿದೆ. ಹೆಂಡತಿಯ ಕೆಲಸವನ್ನು ಬಂದವರಿಗೆಲ್ಲ ಅವರು ವಿವರಿಸುವ ರೀತಿಯೇ ಬೇರೆ. “ಊಟಕ್ಕೆ ಎಲೆ ಹಾಕ್ತಾರಲ್ಲ, ಕುಡಿ ಎಡಗಡೆಗೆ ಬರಬೇಕು, ಉಪ್ಪು ಎಡತುದಿಗೆ. ಎಲೆ ತಿರುಗಿಸಿ ಹಾಕಿ ನೋಡಿ, ಬಡಿಸೋ ಭಟ್ಟರು ಪಾಯಸ ಎಲ್ಲಿ ಬಿಡಬೇಕು ಗೊತ್ತಾಗದೆ ನಿಂತುಬಿಡ್ತಾರೆ. ಅಡುಗೆ ಅದೇ, ಎಲೆ ಮಾತ್ರ ತಿರುವುಮುರುವು. ಇವಳು ಎಲೆ ಸರಿಯಾಗಿ ಹಾಕೋಳು.”

“ನೀವು ಬಡಿಸೋರು, ನಾನು ಎಲೆ ಹಾಕೋಳು. ಹೋಟ್ಲೇ ಇಡಬಹುದಿತ್ತು ಬಿಡಿ.”

ಎಲೆ ಹಾಕುವ ಈ ಕೆಲಸ ಅವರಿಗೆ ಸಲೀಸಾಗಿ ಸಿಕ್ಕಿದ್ದಲ್ಲ. ಮೈಸೂರಿನಲ್ಲಿ ಸಂಖ್ಯಾಶಾಸ್ತ್ರದ ಪದವಿ ಮುಗಿಸಿ, ಮದುವೆಯಾಗಿ ಇಂಗ್ಲೆಂಡಿಗೆ ಬಂದಾಗ ಪತಿಗೆ ಆರು ತಿಂಗಳಿಗೊಂದು ಆಸ್ಪತ್ರೆ. ಗ್ರಿಮ್ಸ್‌ಬಿಯಲ್ಲಿ ಪರದೆ ಹೊಲಿಸಿ ತೂಗುಹಾಕುವಷ್ಟರಲ್ಲಿ ವಿಗನ್‌ಗೆ ವರ್ಗ. ಕಿರಿಯ ವೈದ್ಯರ ಸಂಸಾರಗಳೆಲ್ಲ ಆ ಕಾಲದಲ್ಲಿ ಹಾಗೆಯೇ ಪೆಟ್ಟಿಗೆ ಬಿಚ್ಚದೆ ಬದುಕಿದವು. ಹೋದ ಊರಿನಲ್ಲೆಲ್ಲ ಹೊಸದಾಗಿ ಕೆಲಸ ಹುಡುಕಬೇಕು. ಪದವಿಪತ್ರ ನೋಡಿದವರು ನಯವಾಗಿಯೇ ಹಿಂದಿರುಗಿಸುತ್ತಿದ್ದರು. ಲಂಡನ್ನಿಗೆ ಬಂದು ನೆಲೆ ನಿಂತಾಗ ಸಿಕ್ಕಿದ್ದು ಆಸ್ಪತ್ರೆಯ ನೆಲಮಾಳಿಗೆಯ ಕಡತಗಳ ಕೋಣೆ. ರೋಗಿಗಳ ಫೈಲುಗಳನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ವಾರ್ಡಿನಿಂದ ವಾರ್ಡಿಗೆ ತಳ್ಳಿಕೊಂಡು ಹೋಗುವ ಕೆಲಸ. ಇಳಿಜಾರಿನಲ್ಲಿ ಅದನ್ನು ಹಿಡಿದು ನಿಲ್ಲಿಸಿ ನಿಲ್ಲಿಸಿ ಬಲಮಂಡಿ ಸವೆದಿದೆ. ಇಂದಿಗೂ ಮೆಟ್ಟಿಲಿಳಿಯುವಾಗ ಅವರು ಎಡಗಾಲನ್ನೇ ಮೊದಲು ಇಡುತ್ತಾರೆ.

ಕಡತಗಳು ಕಂಪ್ಯೂಟರಿಗೆ ಹೋದ ವರ್ಷ ಆ ಕೋಣೆಗೆ ಬೀಗ ಬಿತ್ತು. ಅಲ್ಲಿದ್ದವರಲ್ಲಿ ಬಹುತೇಕರು ಮನೆಗೆ ಹೋದರು. ವತ್ಸಲಾ ಹ್ಯಾರೋದ ಸಂಜೆ ಕಾಲೇಜಿನಲ್ಲಿ, ತಮ್ಮ ಮಗಳ ವಯಸ್ಸಿನವರ ಪಕ್ಕದ ಬೆಂಚಿನಲ್ಲಿ ಕುಳಿತು ದತ್ತಾಂಶವನ್ನು ಚಿತ್ರವಾಗಿಸುವ ತಂತ್ರಾಂಶ ಕಲಿತರು. “ಮೇಷ್ಟ್ರು ಕ್ಲಾಸಲ್ಲಿ ಬಣ್ಣಗಳ ಬಗ್ಗೆ ಆರು ವಾರ ಹೇಳಿದ್ರು, ಅಕ್ಷದ ಬಗ್ಗೆ ಒಂದು ಸಂಜೆ. ಆ ಸಂಜೆ ಮಾತ್ರ ನಾನು ತೂಕಡಿಸಲಿಲ್ಲ,” ಎಂದು ನಗುತ್ತಾರೆ. ವಾರ್ಡಿನಿಂದ ವಾರ್ಡಿಗೆ ಗಾಡಿ ತಳ್ಳಿದ ಹೆಣ್ಣುಮಗಳಿಗೆ ಆಸ್ಪತ್ರೆಯ ಓಣಿ ಓಣಿಯೂ ಗೊತ್ತಿತ್ತು. ತೆರೆಯ ಮೇಲಿನ ಒಂದೊಂದು ಚೌಕದ ಹಿಂದೆಯೂ ಅವರಿಗೆ ಒಂದು ಮಂಚ ಕಾಣುತ್ತದೆ, ಮಂಚದ ಮೇಲೊಂದು ಜೀವ.

ಈಗ ಆ ಚಹಾದ ಮಾತಿಗೆ ಬರೋಣ.

ಭಾನುವಾರ ಬೆಳಿಗ್ಗೆ ಹತ್ತರ ಸುಮಾರು. ಮುಕುಂದ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದಾರೆ. ನಿಜಲಿಂಗಪ್ಪ ಮತ್ತೆ ಬರುತ್ತಾನೆ. ಈ ಸಲ ಕೈಯಲ್ಲೊಂದು ಲಕೋಟೆ. ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಅದರೊಳಗಿನ ಹಾಳೆಯನ್ನು ಮೇಜಿನ ಮೇಲೆ ಹರಡುತ್ತಾನೆ.

“ಅಕ್ಕಾರ, ನಿಮ್ಮ ಕೆಲಸ ಇಂಥಾದ್ದ ಅಲ್ರಿ? ಇದನ್ನ ಓದಿ ಹೇಳ್ರಿ. ನಾ ಖರೇನ ಇಷ್ಟು ಕೆಟ್ಟ ನರ್ಸ್ ಏನ್ರಿ?”

ಅದೊಂದು ಹೀಟ್ ಮ್ಯಾಪ್. ವತ್ಸಲಾ ಅವರ ಆಸ್ಪತ್ರೆಯದೇ, ಅವರ ವಿಭಾಗದಿಂದಲೇ ಹೋಗಿದ್ದು. ನಿಜಲಿಂಗಪ್ಪ ಕೆಲಸ ಮಾಡುವ ವಾರ್ಡಿನಲ್ಲಿ ಅವನು ನೋಡಿಕೊಳ್ಳುವ ಎರಡು ಕೊಠಡಿಗಳ, ಮೂರು ತಿಂಗಳ ಕರೆಗಂಟೆಯ ನಕ್ಷೆ. ಪ್ರತಿ ತಾರೀಖಿನ ಸಾಲಿನ ಎಡಕ್ಕೆ, ಆ ದಿನದ ರಾತ್ರಿ ಪಾಳಿಯ ನರ್ಸ್ ಹೆಸರು ಅಚ್ಚಾಗಿದೆ. ಕಣ್ಣಿಗೆ ರಾಚುವ ಕೆಂಪೆಲ್ಲ ಮಂಗಳವಾರ ಮತ್ತು ಶುಕ್ರವಾರದ ಸಾಲುಗಳಲ್ಲಿ, ನಸುಕಿನ ಎರಡೂವರೆಯಿಂದ ನಾಲ್ಕರ ನಡುವೆ. ಆ ಸಾಲುಗಳ ಎಡಕ್ಕಿರುವ ಹೆಸರು ಒಂದೇ.

ನಡೆದದ್ದನ್ನು ಅವನು ಬಿಡಿಬಿಡಿಯಾಗಿ ಹೇಳುತ್ತಾನೆ. ಹಿಂದಿನ ಸೋಮವಾರ ರಾತ್ರಿ, ಅಂದರೆ ಮಂಗಳವಾರ ನಸುಕಿನ ಮೂರರ ಹೊತ್ತಿಗೆ, ಎಂಬತ್ತು ದಾಟಿದ ಮುದುಕರೊಬ್ಬರು ಗಂಟೆ ಒತ್ತಿ ಒತ್ತಿ ಸಾಕಾಗಿ ತಾವೇ ಶೌಚಾಲಯಕ್ಕೆಂದು ಎದ್ದು ಬಿದ್ದರು. ಸೊಂಟದ ಮೂಳೆ ಮುರಿಯಿತು. ಗೆಳೆಯನೊಬ್ಬನಿಗಾಗಿ, ಮುಂದಿನ ತಿಂಗಳ ಪಾಳಿಯೊಂದರ ಜೊತೆ ಪಾಳಿ ಬದಲಿಸಿಕೊಂಡು ಆ ರಾತ್ರಿ ಕೆಲಸಕ್ಕೆ ನಿಂತಿದ್ದವನು ನಿಜಲಿಂಗಪ್ಪ. ವಿಚಾರಣೆಗೆಂದು ಈ ನಕ್ಷೆ ತೆಗೆಸಿದರು. ಮೇಲಿನವರು ನೋಡಿದವರೇ, ಇದು ಒಂದು ದಿನದ ತಪ್ಪಲ್ಲ, ಇವನ ಅಭ್ಯಾಸ ಎಂದುಬಿಟ್ಟರು. ಶುಕ್ರವಾರದ ಪಾಳಿಯ ಅರ್ಧದಲ್ಲೇ ಅವನನ್ನು ಕರೆದು ಕೆಲಸದಿಂದ ದೂರವಿಟ್ಟರು. ಬಾಗಿಲು ತಟ್ಟಿ ಚಹಾ ಕೇಳಿದ್ದು ಆ ನಸುಕಿನಲ್ಲಿ. ಕೆಲಸ ಹೋದರೆ ಅದರ ಬೆನ್ನಿಗೆ ವೀಸಾವೂ ಹೋಗುತ್ತದೆ. ಏಪ್ರಿಲ್‌ನಲ್ಲಿ ಹೆಂಡತಿ, ಎಳೆಮಗು ಬರುವುದಕ್ಕೆ ಟಿಕೆಟ್ ಆಗಿದೆ.

“ಆ ರಾತ್ರಿ ಗಂಟಿ ನನಗ ಕೇಳಸಲೇ ಇಲ್ರಿ. ಆ ಕಡೀ ಕೊಠಡ್ಯಾಗ ಒಬ್ಬರ ಹಾಸಿಗಿ ಬದಲಿ ಮಾಡಾಕತ್ತಿದ್ದೆ. ಅಜ್ಜ ಬಿದ್ದಿದ್ದು ನನ್ನ ಪಾಳಿನ್ಯಾಗ, ಅದನ್ನ ನಾ ಇಲ್ಲ ಅನ್ನಂಗಿಲ್ಲ. ಆದ್ರ ಉಳಿದ ಇಷ್ಟೆಲ್ಲಾ ಕೆಂಪು? ನೋಡಿ ನೋಡಿ ನನಗ ನನ್ನ ಮ್ಯಾಲೇ ಸಂಶೇ ಬಂದೈತ್ರಿ. ಕುಂತಲ್ಲೇ ನಿದ್ದಿ ಹೊಡದ್ನೇನೋ ಅಂತ.”

“ನಿನ್ನ ಮಾಮೂಲು ಪಾಳಿ ಯಾವುದಪ್ಪ?”

“ಮಂಗಳವಾರ, ಶುಕ್ರವಾರ. ವರ್ಷದಿಂದ ಅದ ಐತ್ರಿ.”

“ಮಂಗಳವಾರ ರಾತ್ರಿ ಎರಡೂವರೆ, ಮೂರಕ್ಕೆ ವಾರ್ಡ್ ಹೇಗಿರತ್ತೆ?”

“ಥಣ್ಣಗಿರತೈತ್ರಿ. ಆ ಹೊತ್ತಿಗೇ ಅಲ್ಲೇನ್ರಿ ನಾವು ಚಾ ಕಾಸಿಕೊಳ್ಳೋದು.”

ವತ್ಸಲಾ ಕನ್ನಡಕ ತೆಗೆದು ಮತ್ತೆ ಹಾಕಿಕೊಳ್ಳುತ್ತಾರೆ. ಅವರ ಬೆರಳು ಮಂಗಳವಾರದ ಸಾಲಿನ ಮೇಲೆ ನಿಂತಿದೆ. “ಆ ಎರಡೂವರೆ ಅಂದ್ಯಲ್ಲ, ಅದು ಮಂಗಳವಾರವೋ, ಬುಧವಾರವೋ?”

“ಅದ್ಹ್ಯಾಂಗ ಬುಧವಾರ ಆಗತೈತ್ರಿ ಅಕ್ಕಾರ? ಇನ್ನೂ ಹೊತ್ತು ಹುಟ್ಟಿರೂದಿಲ್ಲ. ಶಿವರಾತ್ರಿ ಜಾಗರಣಿ ಹನ್ನೆರಡು ಹೊಡದ ಕೂಡಲೇ ಮುಗೀತೈತೇನ್ರಿ?”

ಮುಕುಂದ ಸೌಟು ಹಿಡಿದುಕೊಂಡೇ ತಿರುಗುತ್ತಾರೆ. ವತ್ಸಲಾ ಅವರ ಬೆರಳು ಒಂದು ಸಾಲು ಕೆಳಗಿಳಿದು ಬುಧವಾರಕ್ಕೆ ಬರುತ್ತದೆ. ಎರಡೂವರೆ, ಮೂರು, ಮೂರೂವರೆ. ಹಾಲು ಚೆಲ್ಲಿದ ಹಾಗೆ ಬಿಳಿ. ಮುಂದಿನ ವಾರದ ಬುಧವಾರ, ಬಿಳಿ. ಅದರ ಮುಂದಿನದೂ ಬಿಳಿ.

ನಕ್ಷೆಯ ಅಡ್ಡಸಾಲು ನಡುರಾತ್ರಿಯಿಂದ ನಡುರಾತ್ರಿಗೆ ಹೋಗುತ್ತಿತ್ತು. ಗಡಿಯಾರದ ಪ್ರಕಾರ ಅದೇ ಒಂದು ದಿನ. ರಾತ್ರಿ ಪಾಳಿ ಮಾತ್ರ ಸಂಜೆ ಶುರುವಾಗಿ ಮಾರನೆಯ ಬೆಳಿಗ್ಗೆ ಮುಗಿಯುವಂಥದ್ದು. ಹಾಗಾಗಿ ಪ್ರತಿಯೊಂದು ರಾತ್ರಿಯೂ ಎರಡು ತುಂಡಾಗಿ, ಮೊದಲರ್ಧ ಒಂದು ಸಾಲಿನ ಬಲತುದಿಗೂ ಉಳಿದರ್ಧ ಕೆಳಗಿನ ಸಾಲಿನ ಎಡತುದಿಗೂ ಬಿದ್ದಿತ್ತು. ಸೋಮವಾರ ಸಂಜೆ ಬಂದ ನರ್ಸ್ ಮಂಗಳವಾರ ನಸುಕಿನಲ್ಲಿ ಮಾಡಿದ ತಡ, ಮಂಗಳವಾರ ಸಂಜೆ ಬರಲಿರುವ ನಿಜಲಿಂಗಪ್ಪನ ಲೆಕ್ಕಕ್ಕೆ ಜಮೆಯಾಗುತ್ತಿತ್ತು. ಅವನು ಮನೆಯಲ್ಲಿ ಮಲಗಿದ್ದ ಹೊತ್ತಿನ ತಪ್ಪಿಗೂ ಅವನದೇ ಹೆಸರು. ಅಜ್ಜ ಬಿದ್ದ ದಿನವೊಂದರಲ್ಲಿ ಮಾತ್ರ, ಪಾಳಿ ಬದಲಿಸಿಕೊಂಡಿದ್ದರಿಂದ, ನಕ್ಷೆಯ ಹೆಸರೂ ನಿಜದ ಹೆಸರೂ ಒಂದೇ ಆಗಿದ್ದವು. ಎಲ್ಲರೂ ತಾಳೆ ನೋಡಿದ್ದು ಆ ಒಂದು ಸಾಲನ್ನೇ. ಅದು ಸರಿಯಿದ್ದದ್ದರಿಂದ ಉಳಿದವೂ ಸರಿಯಿರಬೇಕೆಂದು ನಂಬಿದರು.

ಇಷ್ಟು ಕಂಡ ಮೇಲೆ ಬೇರೆ ಯಾರೇ ಆಗಿದ್ದರೂ ಲ್ಯಾಪ್‌ಟಾಪ್ ತೆರೆದುಬಿಡುತ್ತಿದ್ದರು. ವತ್ಸಲಾ ಹಾಳೆಯನ್ನು ಮಡಿಚಿ ಲಕೋಟೆಗೆ ಹಾಕಿ ಅವನ ಕಡೆಗೆ ಸರಿಸುತ್ತಾರೆ.

“ಇನ್ನು ನಾನು ಇದನ್ನ ಮುಟ್ಟಬಾರದು ಕಣಪ್ಪ.”

“ಯಾಕ್ರಿ ಅಕ್ಕಾರ? ಹಂಗಾರ ನೀವೂ ಕೈ ಬಿಟ್ರೇನ್ರಿ?”

“ಕೈ ಬಿಟ್ಟಿದ್ದು ಮೌಸ್‌ನ, ನಿನ್ನನ್ನಲ್ಲ. ನಾನು ಸರಿಮಾಡಿದ್ರೆ ಏನಾಗತ್ತೆ ಹೇಳು? ಪಕ್ಕದ ಮನೆಯವಳು, ಒಂದೇ ಭಾಷೆಯವಳು, ಬಣ್ಣ ಅಳಿಸಿಕೊಟ್ಟಳು ಅಂತಾರೆ. ನಿನ್ನ ಬಿಳಿ ಬಿಳಿಯಾಗೇ ಉಳಿಯಬೇಕಾದ್ರೆ ನನ್ನ ಕೈ ಅದರಲ್ಲಿ ಇರಬಾರದು.”

ಮುಕುಂದ ಅವಲಕ್ಕಿಯ ತಟ್ಟೆಯನ್ನು ಮತ್ತೆ ಅವನ ಮುಂದಕ್ಕೆ ತಳ್ಳುತ್ತಾರೆ. “ತಿನ್ನಪ್ಪ. ಇವಳು ಮುಟ್ಟಲ್ಲ ಅಂದ್ರೆ ಕೆಲಸ ಆಗಲ್ಲ ಅಂತ ಅರ್ಥ ಅಲ್ಲ. ನನ್ನ ಅಡುಗೇನೂ ಇವಳು ಮುಟ್ಟಲ್ಲ, ಉಪ್ಪು ಮಾತ್ರ ಸರಿಯಾಗಿರತ್ತೆ, ದೂರದಿಂದಲೇ.”

ಸೋಮವಾರ ಕಚೇರಿಗೆ ಹೋದ ವತ್ಸಲಾ ಕೋಟು ತೆಗೆಯುವ ಮೊದಲೇ ವಿಭಾಗದ ಮುಖ್ಯಸ್ಥರಿಗೆ ವಿಷಯ ತಿಳಿಸುತ್ತಾರೆ: ವಿಚಾರಣೆಯಲ್ಲಿರುವ ನರ್ಸ್ ತಮ್ಮ ನೆರೆಯವನು, ನಕ್ಷೆಯಲ್ಲಿ ತಪ್ಪಿರುವ ಶಂಕೆಯಿದೆ, ಮರುಪರಿಶೀಲನೆಯನ್ನು ಬೇರೆಯವರು ಮಾಡಲಿ. ಮುಖ್ಯಸ್ಥರು ಆ ಕೆಲಸ ವಹಿಸಿದ್ದು ಪಕ್ಕದ ಮೇಜಿನ ಅಚಿಂತ್ಯನಿಗೆ. ಬೆಂಗಳೂರಿನಿಂದ ಬಂದು ಎರಡು ವರ್ಷವಾದ ತರುಣ, ಹೌನ್ಸ್ಲೋದಿಂದ ದಿನಾ ಟ್ಯೂಬ್ ರೈಲು ಹಿಡಿದು ಬರುವವನು. ವಿಷಯ ಕೇಳುತ್ತಲೇ ಅವನು ವತ್ಸಲಾ ಅವರತ್ತ ಕುರ್ಚಿ ತಿರುಗಿಸುತ್ತಾನೆ.

“ಮೇಡಂ, ಆ ಮ್ಯಾಪ್ ಮಾಡಿದ್ದೇ ನಾನು. ಅರ್ಜೆಂಟ್ ಅಂದ್ರು. ಹೆಸರಿನ ಕಾಲಂ ಸೇರಿಸಿ ಕಳಿಸ್ಬಿಟ್ಟೆ. ಆಕ್ಸಿಸ್ ಸೆಟ್ಟಿಂಗ್ ಹೇಗಿತ್ತೋ ಹಾಗೇ ಬಿಟ್ಟಿದ್ದೆ.”

“ಹಾಗೇ ಬಿಟ್ಟೆ ಅಂದ್ರೆ, ಎಲ್ಲೋ ಕೂತಿರೋ ಯಾರೋ ನಮ್ಮನ್ನ ಕೇಳದೆ ಮಾಡಿದ ತೀರ್ಮಾನಕ್ಕೆ ಹೂಂ ಅಂದೆ ಅಂತ. ನಾನೂ ಎಷ್ಟೋ ಸಲ ಅಂದಿದೀನಿ ಬಿಡು. ಈಗ ಕೂತ್ಕೋ.”

“ನನ್ನ ವೀಸಾನೂ ಅದೇ ಥರದ್ದು ಮೇಡಂ. ಅವರ ಜಾಗದಲ್ಲಿ ನಾನಿದ್ದಿದ್ರೆ...”

“ಅದನ್ನ ಆಮೇಲೆ ಯೋಚನೆ ಮಾಡು. ಈಗ ಯೋಚನೆ ಮಾಡಿದ್ರೆ ಮತ್ತೆ ಗುಂಡಿ ತಪ್ಪತ್ತೆ.”

ಮುಂದಿನದನ್ನು ನೋಡುವವರಿಗೆ ನಗು ಬರಬಹುದು. ಇಡೀ ವಿಭಾಗದಲ್ಲಿ ಈ ಕೆಲಸ ಚೆನ್ನಾಗಿ ಬಲ್ಲ ಹೆಂಗಸು ಎರಡೂ ಕೈಗಳನ್ನು ಮಡಿಲಲ್ಲಿ ಕಟ್ಟಿಕೊಂಡು, ಕುರ್ಚಿಯನ್ನು ಎರಡಡಿ ಹಿಂದಕ್ಕೆಳೆದು, ಬಾಯಲ್ಲಷ್ಟೇ ಮಾತಾಡುತ್ತಾರೆ. ಒಂದು ವಾರ್ಡಿಗೆ ಮಾಡಬೇಡ, ಎಲ್ಲ ವಾರ್ಡಿಗೂ ಮಾಡು. ಹೆಸರುಗಳನ್ನು ಮೊದಲು ತೆಗೆದುಬಿಡು. ಅಡ್ಡಸಾಲನ್ನು ಮಧ್ಯಾಹ್ನದಿಂದ ಶುರುಮಾಡು, ಮಾರನೇ ಮಧ್ಯಾಹ್ನಕ್ಕೆ ಮುಗಿಸು. ಸಾಲಿಗೆ ಪಾಳಿ ಶುರುವಾದ ದಿನದ ಹೆಸರು ಕೊಡು. ಸೋಮವಾರಗಳೆಲ್ಲ ಒಂದು ಕಡೆ, ಮಂಗಳವಾರಗಳೆಲ್ಲ ಒಂದು ಕಡೆ ಬರಲಿ. ಕೆಂಪಿನ ಅಳತೆ ಎಲ್ಲ ವಾರ್ಡಿಗೂ ಒಂದೇ ಇರಲಿ, ಇಲ್ಲದಿದ್ರೆ ಕಂಪ್ಯೂಟರು ಒಂದೊಂದು ವಾರ್ಡಿಗೆ ಒಂದೊಂದು ಕೆಂಪು ಹಚ್ಚತ್ತೆ.

ಅಚಿಂತ್ಯ ಗುಂಡಿ ಒತ್ತುತ್ತಾನೆ. ತೆರೆಯ ಮೇಲಿನ ಮನೆಗಳೆಲ್ಲ ಒಮ್ಮೆ ಖಾಲಿಯಾಗಿ ಮತ್ತೆ ತುಂಬಿಕೊಳ್ಳುತ್ತವೆ. ಅಂಚುಗಳಲ್ಲಿ ಹರಿದು ಬಿದ್ದಿದ್ದ ರಾತ್ರಿಗಳು ನಕ್ಷೆಯ ನಡುವಿಗೆ ಬಂದು ಕೂಡಿಕೊಳ್ಳುತ್ತವೆ, ಸೀಳಿದ ಬಟ್ಟೆ ಹೊಲಿಗೆ ಬಿದ್ದ ಹಾಗೆ. ಬಹುತೇಕ ವಾರ್ಡುಗಳಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ. ಆ ಒಂದು ವಾರ್ಡಿನಲ್ಲಿ ಮಾತ್ರ ನಡುವಿನಿಂದ ತುಸು ಬಲಕ್ಕೆ ಎರಡು ಕೆಂಪು ಪಟ್ಟಿಗಳು ಎದ್ದು ನಿಲ್ಲುತ್ತವೆ. ಸೋಮವಾರದ ರಾತ್ರಿಗಳದ್ದೊಂದು, ಗುರುವಾರದ ರಾತ್ರಿಗಳದ್ದೊಂದು. ಮಂಗಳವಾರ, ಶುಕ್ರವಾರದ ರಾತ್ರಿಗಳು ತಣ್ಣಗೆ ಬೆಳ್ಳಗಿವೆ.

“ಈಗ ಹೆಸರು ಹಾಕು,” ಎನ್ನುತ್ತಾರೆ ವತ್ಸಲಾ.

ಹೆಸರುಗಳು ಬರುತ್ತವೆ. ಕೆಂಪಿನ ಎಡಕ್ಕೆ ಇರುವವರು ಒಬ್ಬರಲ್ಲ. ಆ ವಾರ್ಡಿನ ಹೆಚ್ಚುಕಡಿಮೆ ಎಲ್ಲ ನರ್ಸುಗಳೂ ಒಂದಲ್ಲ ಒಂದು ಸೋಮವಾರ, ಒಂದಲ್ಲ ಒಂದು ಗುರುವಾರ ಅಲ್ಲಿದ್ದಾರೆ. ನಿಜಲಿಂಗಪ್ಪ ಇರುವುದು ಒಂದೇ ಸಾಲಿನಲ್ಲಿ, ಪಾಳಿ ಬದಲಿಸಿಕೊಂಡ ಆ ಸೋಮವಾರ.

“ಎಲ್ಲರ ಹೆಸರೂ ಇದೆ ಮೇಡಂ.”

“ಎಲ್ಲರ ಹೆಸರೂ ಇದೆ ಅಂದ್ರೆ, ಇದು ಯಾರ ಹೆಸರಿನ ಕೆಲಸವೂ ಅಲ್ಲ ಅಂತ. ಆ ಎರಡು ರಾತ್ರಿ ಅಲ್ಲಿ ಬೇರೆ ಏನೋ ಆಗ್ತಿದೆ.”

ಮರುದಿನದ ಸಭೆಯಲ್ಲಿ ನಕ್ಷೆಯನ್ನು ಮುಂದಿಟ್ಟವನು ಅಚಿಂತ್ಯ. ಮೊದಲಿನದು ತನ್ನ ಕೈತಪ್ಪು ಎಂದು ಅವನೇ ಎದ್ದು ನಿಂತು ಹೇಳಿದ. ವತ್ಸಲಾ ಆ ಸಭೆಗೆ ಹೋಗಲಿಲ್ಲ, ಹೋಗುವಂತೆಯೂ ಇರಲಿಲ್ಲ. ಕ್ಯಾಂಟೀನಿನಲ್ಲಿ ಕುಳಿತು ಒಂದೇ ಬಿಸ್ಕತ್ತನ್ನು ಪುಡಿ ಪುಡಿ ಮಾಡುತ್ತಿದ್ದರಂತೆ. ಅಭ್ಯಾಸದ ತಪ್ಪು ಎಂಬ ಆರೋಪ ಸಡಿಲವಾಯಿತು. ಪೂರ್ತಿ ಬಿದ್ದುಹೋಗಲಿಲ್ಲ. ಅಜ್ಜ ಬಿದ್ದದ್ದು ನಿಜ, ಗಂಟೆಗೆ ಯಾರೂ ಬಾರದಿದ್ದದ್ದೂ ನಿಜ. ಇವನ ಅಭ್ಯಾಸ ಅಲ್ಲವೆಂದರೆ ಕಾರಣವೇನು, ಯಾರು? ಉತ್ತರ ಸಿಗುವ ತನಕ ಕಡತ ಮುಚ್ಚುವಂತಿಲ್ಲ. ಕಡತ ಮುಚ್ಚುವ ತನಕ ನಿಜಲಿಂಗಪ್ಪ ವಾರ್ಡಿಗೆ ಕಾಲಿಡುವಂತಿಲ್ಲ.

ಆಗ ಮಾತಾಡಿದವರು ವಾರ್ಡಿನ ಮುಖ್ಯಸ್ಥೆ ಸಿಸ್ಟರ್ ಇಮೆಲ್ಡಾ. ಐರ್ಲೆಂಡಿನವರು, ಹಗಲು ಪಾಳಿಯವರು, ವತ್ಸಲಾ ಗಾಡಿ ತಳ್ಳುತ್ತಿದ್ದ ಕಾಲದಿಂದಲೂ ಅವರಿಗೆ ಪರಿಚಯ. ಮೇಲಿನವರ ಆದೇಶದಂತೆ ಶುಕ್ರವಾರ ರಾತ್ರಿ ಫೋನ್ ಮಾಡಿ ನಿಜಲಿಂಗಪ್ಪನನ್ನು ಮನೆಗೆ ಕಳಿಸಿದವರೂ ಅವರೇ. ಆ ಎರಡು ಕೆಂಪು ಪಟ್ಟಿಗಳನ್ನು ಬಹಳ ಹೊತ್ತು ನೋಡಿ, “ಈ ಗುರುವಾರ ರಾತ್ರಿ ನಾನೇ ಹೋಗಿ ವಾರ್ಡಿನಲ್ಲಿ ಕೂರುತ್ತೇನೆ” ಎಂದರು.

ಗುರುವಾರ ಸಂಜೆ ವತ್ಸಲಾ ಈಲಿಂಗ್ ರಸ್ತೆಯಲ್ಲಿ ಬಸ್ಸಿಳಿದು, ಹಸಿಮೆಣಸು, ಕೊತ್ತಂಬರಿ ಕೊಂಡು ಮನೆಗೆ ನಡೆಯುತ್ತಾರೆ. ಮುಂದಿನ ವರ್ಷ ನಿವೃತ್ತಿಯಾಗುವ ಯೋಚನೆಯಿದೆ. ಆಸ್ಪತ್ರೆಯ ಎಲ್ಲ ವಾರ್ಡುಗಳ ರಾತ್ರಿ ನಕ್ಷೆಗಳೂ ಈಗ ಮಧ್ಯಾಹ್ನದಿಂದ ಮಧ್ಯಾಹ್ನಕ್ಕೇ ತೆರೆದುಕೊಳ್ಳುತ್ತವೆ. ಆ ವ್ಯವಸ್ಥೆಗೊಂದು ಹೆಸರಿಡುವ ಮಾತು ವಿಭಾಗದಲ್ಲಿ ಬಂದಾಗ, ಅಚಿಂತ್ಯ ‘ವತ್ಸಲಾ ವ್ಯೂ’ ಎಂದು ಸೂಚಿಸಿದನಂತೆ. ಅವರು ಒಪ್ಪಲಿಲ್ಲ.

“ಅಕ್ಷಕ್ಕೆ ಯಾರಾದ್ರೂ ಹೆಸರಿಡ್ತಾರಾ? ಸರಿಯಾಗಿದ್ರೆ ಅದು ಯಾರ ಕಣ್ಣಿಗೂ ಬೀಳಬಾರದು,” ಎನ್ನುತ್ತಾರೆ. “ನನಗೆ ಆಸೆ ಇರೋದು ಇಷ್ಟೇ. ರಾತ್ರಿ ಎದ್ದಿದ್ದು ದುಡಿಯೋರಿಗೆ ಅವರ ರಾತ್ರಿ ಒಂದೇ ತುಂಡಾಗಿ ಸಿಗಲಿ. ನಾವು ನಿದ್ದೆ ಮಾಡ್ತೀವಿ ಅಂತ ಅವರ ದಿನಾನ ನಡುವೆ ಕತ್ತರಿಸಬಾರದು.”

ಶುಕ್ರವಾರ ನಸುಕು. ಅಡುಗೆಮನೆಯ ಮೇಜಿಗೆ ಇಂದು ಮೂವರು. ವತ್ಸಲಾ ಬೆಳಗಿನ ನಕ್ಷೆಗಳನ್ನು ಒಂದೊಂದಾಗಿ ಕಳಿಸುತ್ತಿದ್ದಾರೆ. ಮುಕುಂದ ಚಹಾ ಸೋಸುತ್ತಿದ್ದಾರೆ. ನಿದ್ದೆಯಿಲ್ಲದ ಕಣ್ಣುಗಳ ನಿಜಲಿಂಗಪ್ಪ ಕಿಟಕಿಯಾಚೆ ಸ್ಟೇಡಿಯಮ್ಮಿನ ಕಮಾನು ಕತ್ತಲಿನಿಂದ ಮೆಲ್ಲನೆ ಮೂಡುವುದನ್ನು ನೋಡುತ್ತಿದ್ದಾನೆ. ಕಮಾನು ಪೂರ್ತಿ ಕಾಣುವಷ್ಟರಲ್ಲಿ ಫೋನ್ ರಿಂಗಾಗುತ್ತದೆ.

“ವತ್ಸಲಾ, ಆ ಹುಡುಗ ಅಲ್ಲೇ ಇದ್ದಾನೆಯೇ? ಅವನಿಗೂ ಕೇಳುವ ಹಾಗೆ ಇಡು.” ಇಮೆಲ್ಡಾ ಅವರ ದನಿಯಲ್ಲಿ ರಾತ್ರಿಯ ದಣಿವಿದೆ, ಅದರ ಅಡಿಯಲ್ಲಿ ಮತ್ತೇನೋ ಇದೆ. “ಎರಡೂವರೆಗೆ ಸರಿಯಾಗಿ ಬಂದಳು, ಲಿಫ್ಟಿನಲ್ಲಿ. ಸೋಮವಾರ, ಗುರುವಾರ ನಮ್ಮ ವಾರ್ಡು, ಉಳಿದ ದಿನ ಬೇರೆಡೆ. ಹಗಲಿನವಳಾದ ನಾನು ಅವಳನ್ನು ಕೆಲಸದ ಹೊತ್ತಿನಲ್ಲಿ ಕಂಡೇ ಇರಲಿಲ್ಲ. ಕಾರಿಡಾರಿನ ಉದ್ದಕ್ಕೂ ಹೋಗುತ್ತಾಳೆ, ಬರುತ್ತಾಳೆ, ದೇವರೇ, ಎಂಥ ಗದ್ದಲ! ರೋಗಿಗಳಿಗೆ ಎಚ್ಚರವಾದೀತೆಂದು ನಮ್ಮ ನರ್ಸುಗಳೇ ಓಡಿಹೋಗಿ ಕೊಠಡಿಗಳ ಬಾಗಿಲು ಹಾಕುತ್ತಾರೆ. ಒಬ್ಬೊಬ್ಬರಿಗೆ ಎರಡೆರಡು ಕೊಠಡಿ. ಒಂದರೊಳಗೆ ಸೇರಿ ಬಾಗಿಲು ಹಾಕಿಕೊಂಡರೆ ಇನ್ನೊಂದರ ಗಂಟೆ ಕಾರಿಡಾರಿನಲ್ಲಿ ಬಡಿದುಕೊಳ್ಳುತ್ತಿರುತ್ತದೆ. ಒಳಗೆ ನಿಂತು ನೋಡಿದೆ. ನನಗೂ ಕೇಳಲಿಲ್ಲ.”

ನಿಜಲಿಂಗಪ್ಪ ಎರಡೂ ಅಂಗೈಗಳಿಂದ ಮುಖ ಮುಚ್ಚಿಕೊಳ್ಳುತ್ತಾನೆ. “ಹೌದ್ರಿ ಅಕ್ಕಾರ. ಬಾಗಲಾ ಹಾಕ್ಕೋ, ಮಂದಿ ಏಳತಾರ ಅಂತ ಆ ರಾತ್ರಿ ನನಗೂ ಹೇಳಿದ್ರು. ಚಲೋ ಮಾಡಾಕ ಹೋಗಿ...” ಅವನ ಭುಜಗಳು ಅಲುಗುತ್ತವೆ. ಅಳುವೋ ನಗುವೋ ತಿಳಿಯದು, ವತ್ಸಲಾ ಅವನ ಬೆನ್ನ ಮೇಲೆ ಕೈಯಿಡುತ್ತಾರೆ.

“ಮಂಗಳವಾರ ನಿನ್ನ ಪಾಳಿಗೆ ಬಾ,” ಎನ್ನುತ್ತಾರೆ ಇಮೆಲ್ಡಾ. “ಮೇಲಿನವರ ಜೊತೆ ಈಗಷ್ಟೇ ಮಾತಾಡಿದೆ. ಕಡತ ಮುಚ್ಚುತ್ತಿದ್ದಾರೆ. ಇನ್ನು ಮೇಲೆ ಅವಳು ಹಗಲಿನಲ್ಲೇ ಬರಬೇಕು. ಅಜ್ಜನಿಗೂ ಹೇಳಿದೆ. ನಿನ್ನನ್ನು ಕೇಳುತ್ತಿದ್ದಾರೆ.”

ಚಹಾ ಸೋಸುವ ಜಾಲರಿಯನ್ನು ಕೈಯಲ್ಲೇ ಹಿಡಿದು ನಿಂತಿದ್ದ ಮುಕುಂದ ಫೋನಿನತ್ತ ಬಗ್ಗುತ್ತಾರೆ. “ಸಿಸ್ಟರ್, ನಮ್ಮೆಲ್ಲರ ನಿದ್ದೆ ಕೆಡಿಸಿದ ಆ ಮಹಾತಾಯಿ ಯಾರು ಅಂತ ಹೇಳಲೇ ಇಲ್ಲ?”

“ಡೋರಿಸ್,” ಎನ್ನುತ್ತಾರೆ ಇಮೆಲ್ಡಾ, “ತಾನೇ ಓಡಾಡಿಕೊಂಡು ನೆಲ ತೊಳೆಯುವ ನಮ್ಮ ಯಂತ್ರ.”